ಸೊಪ್ಪು ಇಟ್ಟ ಗಾಡಿ

ನನ್ನ ಗಾಡಿಯ ಕನ್ನಡಿಯೊಳಗೆ ಒಬ್ಬ ಮುದುಕರು ವ್ಯಾನು ಓಡಿಸುತ್ತಿದ್ದರು. ಎರಡು ಕೈಯೂ ಸ್ಟೇರಿಂಗಿನ ಮೇಲೆ. ತಲೆಗೆ ಟವೆಲ್ಲು. ಬಿಟ್ಟೂ ಬಿಡದೆ ಹಾರ್ನು. ದಾರಿ ಕೇಳುತ್ತಿದ್ದಾರೆ ಅಂದುಕೊಂಡು ನಾನು ಎಡಕ್ಕೆ ಸರಿದೆ, ಕೈ ಆಚೆ ಹಾಕಿ ಮುಂದೆ ಹೋಗಿ ಎಂದು ಬೀಸಿದೆ. ಅವರು ಮುಂದೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಆ ವ್ಯಾನು ರಸ್ತೆಯ ಮೇಲೆ ಇರಲೇ ಇಲ್ಲ. ನನ್ನ ಟೋಯಿಂಗ್ ಗಾಡಿಯ ಬೆನ್ನ ಮೇಲೆ, ನಾಲ್ಕೂ ಗಾಲಿಗೆ ಬೆಲ್ಟು ಬಿಗಿಸಿಕೊಂಡು ಕೂತಿತ್ತು. ಅರ್ಧ ಗಂಟೆಯ ಹಿಂದೆ ಶೂಳಗಿರಿಯ ಈಚೆ ಒಂದು ಹುಣಸೆ ಮರದ ಕೆಳಗಿನಿಂದ ಅದನ್ನು ನಾನೇ ಏರಿಸಿಕೊಂಡು ಬಂದಿದ್ದೆ. ಆಗ ಅದರೊಳಗೆ ಯಾರೂ ಇರಲಿಲ್ಲ.

ಬೇಸಗೆಯ ಮೂರು ಗಂಟೆಯ ಬಿಸಿಲು. ಟಾರಿನ ಮೇಲೆ ನೀರು ನಿಂತ ಹಾಗೆ ಹೊಳಪು. ಒಂದು ಗಳಿಗೆ ನನಗೆ ನಿಜವಾಗಿಯೂ ಅನಿಸಿತು, ನಾನು ನಿದ್ದೆಯಲ್ಲಿದ್ದೇನೆ, ಹಿರಿಯೂರಿನ ನಮ್ಮ ಮನೆಯ ಜಗುಲಿಯ ಮೇಲೆ ಮಲಗಿದ್ದೇನೆ, ಈ ಹೊಸೂರು, ಈ ಗಾಡಿ, ಕನ್ನಡಿಯೊಳಗಿನ ಮುದುಕರು ಎಲ್ಲ ಎದ್ದ ಮೇಲೆ ಇರುವುದಿಲ್ಲ ಎಂದು.

ಊರು ಬಿಟ್ಟು ಮೂರನೆಯ ವರ್ಷ ನಡೆಯುತ್ತಿದೆ. ಹೊಸೂರು ಹೇಗಿದೆ ಎಂದು ಊರಿನ ಕಡೆಯವರು ಕೇಳುತ್ತಲೇ ಇರುತ್ತಾರೆ. ನಾನು ಐದನೆಯ ಕ್ಲಾಸಿಗೆ ಪಾಟಿ ಇಟ್ಟು ನಟ್ಟು ಬಿಚ್ಚುವ ಪಾನ ಹಿಡಿದವನು. ಬರವಣಿಗೆ ಅಭ್ಯಾಸವಿಲ್ಲ. ಆದರೂ ಆ ವ್ಯಾನಿನ ಕಥೆ ಹೇಳಿದರೆ ಹೊಸೂರಿನ ಕಥೆ ಹೇಳಿದಂತೆಯೇ ಆಗುತ್ತದೆ ಎಂದು ಬರೆಯಲು ಕೂತಿದ್ದೇನೆ.

ಮೊದಲು ಮನೆಯ ವಿಷಯ. ನಾವಿರುವುದು ಹೊಸೂರಿನ ಮತ್ತಿಗಿರಿಯಲ್ಲಿ, ಮಹಡಿಯ ಮೇಲೆ ಶೀಟು ಹೊದಿಸಿದ ಒಂದೂವರೆ ಕೋಣೆ. ಮನೆ ನೋಡಲು ಹೋದಾಗ ಊರಿನಲ್ಲಾದರೆ ಯಾರ ಮಗ, ಯಾವ ಜನ ಎಂದು ಕೇಳುತ್ತಿದ್ದರು. ಇಲ್ಲಿ ಮನೆ ಓನರಮ್ಮ ಕೇಳಿದ್ದು ಎರಡೇ: ಎಷ್ಟು ಜನ, ಎಷ್ಟು ಕೊಡ ನೀರು. ಆಕೆ ಮನೆಯೊಳಗೆ ತೆಲುಗು, ಬೀದಿಯಲ್ಲಿ ತಮಿಳು, ನನ್ನ ಹೆಂಡತಿ ರತ್ನಮ್ಮನ ಹತ್ತಿರ ಕನ್ನಡ. ಮೂರರ ನಡುವೆ ಬಾಗಿಲೇ ಇಲ್ಲದ ಹಾಗೆ ಓಡಾಡುತ್ತಾರೆ. ಬೆಳಗಿನ ಐದೂವರೆಗೆ ಫ್ಯಾಕ್ಟರಿ ಬಸ್ಸುಗಳು ಬರುತ್ತವೆ. ಚಳಿಗಾಲದಲ್ಲಿ ಮಂಜು ಎಷ್ಟು ದಟ್ಟವೆಂದರೆ ಬಸ್ಸು ಕಾಣುವುದಿಲ್ಲ, ಅದರ ದೀಪ ಮಾತ್ರ ಗಾಳಿಯಲ್ಲಿ ತೇಲಿಕೊಂಡು ಬರುತ್ತದೆ, ನಿಂತಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ನುಂಗಿಕೊಂಡು ಹೋಗುತ್ತದೆ.

ಮೊದಲ ತಿಂಗಳು ರತ್ನಮ್ಮ ಊಟ ಸೇರದೆ ಸೊರಗಿದಳು. ಒಂದು ದಿನ ಓನರಮ್ಮ ತಟ್ಟೆ ಮುಚ್ಚಿಕೊಂಡು ಬಂದು 'ಕಳಿ' ತಿನ್ನುತ್ತೀಯಾ ಎಂದರಂತೆ. ಏನೋ ಎತ್ತವೋ ಎಂದು ಮುಚ್ಚಳ ತೆಗೆದರೆ ನಮ್ಮ ರಾಗಿ ಮುದ್ದೆ. ನಾನು ಸಂಜೆ ಬಂದಾಗ ಅವಳ ಮುಖವೇ ಬೇರೆಯಾಗಿತ್ತು. "ಹೆಸರು ಬದಲಾಯಿಸ್ಕಂಡು ಇಲ್ಲೇ ಐತೆ ಕಣ್ರೀ, ನಾವೇ ಹುಡುಕ್ಲಿಲ್ಲ" ಎಂದಳು.

ಕೆಲಸ ಸಿಕ್ಕಿದ್ದು ಸೆಲ್ವಂ ಅಣ್ಣನ ಯಾರ್ಡಿನಲ್ಲಿ. ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು, ಆದರೂ ಇಲ್ಲಿ ಮಾಲೀಕರೆಲ್ಲ ಅಣ್ಣಂದಿರೇ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರು, ವ್ಯಾನುಗಳನ್ನು ಎತ್ತಿ ತರುವ ಕೆಲಸ. ಮೊದಲ ದಿನವೇ ಅವರು ಕಲಿಸಿದ ಪಾಠ, "ಮೊದಲ್ಲ ತೂಕ್ಕು, ಅಪ್ಪುರಂ ಪೇಸು." ಮೊದಲು ಎತ್ತು, ಆಮೇಲೆ ಮಾತಾಡು. ಹೆದ್ದಾರಿಯಲ್ಲಿ ನಮ್ಮಂಥ ಗಾಡಿಗಳು ಏಳೆಂಟು ಇವೆ. ಯಾರ ಕೊಕ್ಕೆ ಮೊದಲು ತಾಕುತ್ತದೋ ಗಿರಾಕಿ ಅವರ ಪಾಲು, ಇನ್ನೊಬ್ಬ ಮರುಮಾತಿಲ್ಲದೆ ಹೊರಟುಹೋಗಬೇಕು. ಇದು ಬರೆದಿಟ್ಟ ಕಾನೂನಲ್ಲ, ಆದರೆ ಎಲ್ಲರೂ ನಡೆಸಿಕೊಂಡು ಬಂದಿದ್ದಾರೆ. ದರದ ಮಾತು ಯಾರ್ಡಿಗೆ ಬಂದ ಮೇಲೆ. ಅಲ್ಲಿ ಸೆಲ್ವಂ ಅಣ್ಣ ಒಂದು ಹಳದಿ ಚೀಟಿ ಕೊಡುತ್ತಾರೆ, ಗಿರಾಕಿ ಸಹಿ ಹಾಕುತ್ತಾನೆ. ಚೀಟಿ ತಮಿಳಿನಲ್ಲಿದೆ. ಎರಡು ವರ್ಷ ನಾನೇ ಆ ಚೀಟಿಯನ್ನು ಎಷ್ಟೋ ಜನರ ಮುಂದೆ ಹಿಡಿದಿದ್ದೇನೆ, ಬೆರಳಿಟ್ಟು ಸಹಿಯ ಜಾಗ ತೋರಿಸಿದ್ದೇನೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ನನಗೆ ಹೊಳೆದೂ ಇರಲಿಲ್ಲ.

ಕೇಳದೆ ಎತ್ತುವುದು ನನಗೆ ತಪ್ಪೆಂದು ಕಾಣದೆ ಇದ್ದುದಕ್ಕೆ ಕಾರಣ ನಮ್ಮ ಊರು. ನಮ್ಮದೂ ಹೆದ್ದಾರಿಯ ಪಕ್ಕದ ಊರೇ. ಕೆಟ್ಟ ಗಾಡಿಯ ಹಿಂದೆ ಬೇವಿನದೋ ಹೊಂಗೆಯದೋ ಒಂದು ಟೊಂಗೆ ಮುರಿದು ಇಟ್ಟಿದ್ದರೆ ಮುಗಿಯಿತು, ಕಂಡವನು ಹಗ್ಗ, ಜಾಕು ಹಿಡಿದು ಬರುತ್ತಿದ್ದ. ಎಳೀಲಾ ಎಂದು ಯಾರೂ ಕೇಳುತ್ತಿರಲಿಲ್ಲ. ಸೊಪ್ಪು ಇಟ್ಟಿದ್ದಾನೆ ಎಂದರೆ ಬಾ ಎಂದು ಕರೆದ ಹಾಗೆಯೇ. ನಾನು ಕೆಲಸ ಕಲಿತಿದ್ದು ಹಾಗೆ. ಒಂದು ಗಾಡಿಗೂ ನನ್ನ ಕೈಯಲ್ಲಿ ಗೀರು ಬಿದ್ದಿಲ್ಲ ಅನ್ನುವುದು ನನ್ನ ಹೆಮ್ಮೆ. ಇಷ್ಟು ವರ್ಷದ ದುಡಿಮೆಯಲ್ಲಿ ಒಬ್ಬರ ಬಾಯಿಂದಲೂ ಕೆಟ್ಟ ಮಾತು ಕೇಳಿರಲಿಲ್ಲ.

ಆ ದಿನ ಹುಣಸೆ ಮರದ ಕೆಳಗೆ ವ್ಯಾನು ಕಂಡಾಗ ಅದರ ಬಾನೆಟ್ಟು ತೆರೆದಿತ್ತು. ಹಿಂದೆ ರಸ್ತೆಯ ಮೇಲೆ ಹಸಿ ಟೊಂಗೆ. ಮುಂದಿನ ಸೀಟು ಖಾಲಿ, ಡ್ರೈವರ್ ಕಡೆಯ ಗಾಜು ಇಳಿದಿತ್ತು. ಸೀಟಿನ ಹಿಂದೆ ಒಂದು ಒದ್ದೆ ಸೀರೆಯನ್ನು ಪರದೆಯ ಹಾಗೆ ಕಟ್ಟಿದ್ದರು. ಎದುರಿನಿಂದ ಇನ್ನೊಬ್ಬನ ಟೋಯಿಂಗ್ ಗಾಡಿ ಬರುತ್ತಿತ್ತು. ಅವನು ತಿರುವು ತೆಗೆದುಕೊಳ್ಳುವುದರೊಳಗೆ ನನ್ನ ಕೊಕ್ಕೆ ಬಿದ್ದಾಗಿತ್ತು. ಡ್ರೈವರು ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋಗಿರಬೇಕು ಎಂದುಕೊಂಡು, ಬಂದವರಿಗೆ ಗೊತ್ತಾಗಲಿ ಎಂದು ಯಾರ್ಡಿನ ಕಾರ್ಡೊಂದನ್ನು ಹುಣಸೆಯ ತೊಗಟೆಗೆ ಸಿಕ್ಕಿಸಿ, ಬಾನೆಟ್ಟು ಮೆತ್ತಗೆ ಮುಚ್ಚಿ ಹೊರಟೆ. ಎಷ್ಟು ನಯವಾಗಿ ಏರಿಸಿದ್ದೆನೆಂದರೆ ಒಳಗೆ ಮಲಗಿದ್ದವರಿಗೆ ಎಚ್ಚರವೇ ಆಗಿರಲಿಲ್ಲ.

ಹಾರ್ನು ನಿಲ್ಲದಾಗ ಪಕ್ಕಕ್ಕೆ ಹಾಕಿ ಇಳಿದೆ. ಮುದುಕರು ಮೇಲಿನಿಂದ ಕಿಟಕಿಯಲ್ಲಿ ತಲೆ ಹಾಕಿದರು.

"ಯಾರ್ಲಾ ನೀನು? ಎಲ್ಲಿಗ್ಲಾ ಹೊತ್ಕೊಂಡು ಹೋಯ್ತಿದೀಯ ನನ್ನ?"

ಬೈಗುಳ ಕನ್ನಡದಲ್ಲಿತ್ತು. ಹೇಳಿದರೆ ನಗುತ್ತೀರಿ, ನನಗೆ ಮೊದಲು ಆಗಿದ್ದು ಸಂತೋಷ. ಹೊರಗಿನ ಒಬ್ಬರು ಮನಸ್ಸು ಬಿಚ್ಚಿ ಕನ್ನಡದಲ್ಲಿ ಬೈದು ಎಷ್ಟು ದಿನವಾಗಿತ್ತೋ.

"ಯಜಮಾನ್ರೇ, ನೀವು ಒಳಗಿದ್ರಾ?"

"ಇನ್ನೆಲ್ಲಿರ್ತಾರ್ಲಾ? ನನ್ನ ಗಾಡ್ಯಾಗೆ ನಾನಿಲ್ದೆ ನೀನಿರ್ತೀಯಾ? ಮಲಗಿದ್ನಪ್ಪಾ. ಹುಣ್ಸೆಮರ ನಡ್ಕೊಂಡು ಹೋಯ್ತಿರಂಗೆ ಕನಸು ಬಿತ್ತು. ಮರ ಹೋಯ್ತಾ ಅದೆ, ನಾನು ನಿಂತೇ ಇವ್ನಿ. ಎದ್ದು ನೋಡಿದ್ರೆ ಮರ ಅಲ್ಲೇ ಅದೆ, ನಾನು ಹೋಗ್ಬುಟ್ಟಿವ್ನಿ."

"ಸೊಪ್ಪು ಇಟ್ಟಿದ್ರಲ್ಲ, ಅದಕ್ಕೆ..."

"ಸೊಪ್ಪು ಇಟ್ಟಿದ್ದು ಹಿಂದ್ಗಡೆಯಿಂದ ಯಾವನೂ ಗುದ್ದದೇ ಇರ್ಲಿ ಅಂತ ಕಣ್ಲಾ. ಎತ್ಕೊಂಡು ಹೋಗ್ಲಿ ಅಂತಲ್ಲ. ಎಲ್ಲಿಂದ ಎತ್ತಿದ್ಯೋ ಅಲ್ಲೇ ಇಳ್ಸು."

ಅವರ ಹೆಸರು ಮುನಿಯಲ್ಲಪ್ಪ. ಬಾಗಲೂರಿನ ಕಡೆಯ ಹಳ್ಳಿ. ಗುಲಾಬಿ ಬೆಳೆಯುವವರು. ಬೆಳಗ್ಗೆ ಕೃಷ್ಣಗಿರಿಯ ಒಂದು ಮದುವೆ ಮಂಟಪಕ್ಕೆ ಹೂವು ಇಳಿಸಿ ಬರುವಾಗ ಏರಿನಲ್ಲಿ ಇಂಜಿನ್ನು ಕಾದಿತ್ತು. ತಣಿಯಲಿ ಎಂದು ಬಾನೆಟ್ಟು ತೆರೆದು, ಹೂವಿಗೆ ಕಟ್ಟಿದ್ದ ಒದ್ದೆ ಸೀರೆಯ ತಂಪಿನಲ್ಲಿ ಗೋಣಿತಾಟಿನ ಮೇಲೆ ಒರಗಿದ್ದರು. ಅಷ್ಟೇ.

ಆಗಲೇ ತಿರುಗಿಸಬೇಕಿತ್ತು. ಆದರೆ ಹೆದ್ದಾರಿಯಲ್ಲಿ ತಿರುವು ದೂರ, ಯಾರ್ಡು ಹತ್ತಿರ. ಅದಕ್ಕಿಂತ ಹೆಚ್ಚಾಗಿ ನನ್ನ ಜಂಬ. ಒಳ್ಳೆಯದು ಮಾಡಲು ಹೋದವನನ್ನು ಹೀಗನ್ನುವುದಾ ಎಂದು ಮುಖ ಬಿಗಿದುಕೊಂಡೆ. "ಅಣ್ಣನ ಹತ್ರ ಮಾತಾಡಿ ಯಜಮಾನ್ರೇ" ಎಂದು ಗಾಡಿ ಬಿಟ್ಟೆ. ಯಾರ್ಡು ಮುಟ್ಟುವ ತನಕ ಕನ್ನಡಿಯಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು. ಹಾರ್ನು ಮಾತ್ರ ಒತ್ತಲಿಲ್ಲ.

ಯಾರ್ಡಿನಲ್ಲಿ ಸೆಲ್ವಂ ಅಣ್ಣ ಹಳದಿ ಚೀಟಿ ತುಂಬಿ ನನ್ನ ಕೈಗೆ ಕೊಟ್ಟರು. ಮುನಿಯಲ್ಲಪ್ಪನವರು ವ್ಯಾನಿನಿಂದ ಇಳಿಯಲಿಲ್ಲ. ಕಿಟಕಿಯಿಂದ ಕೈ ಚಾಚಿ ಚೀಟಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ಬಾಗಲೂರಿನವರು ಮನೆಯಲ್ಲಿ ಕನ್ನಡ ಆಡಿದರೂ ಓದಿದ್ದೆಲ್ಲ ತಮಿಳು. ಓದಿ ಮುಗಿಸಿ ನನ್ನನ್ನು ಕರೆದರು.

"ಇದ್ರಾಗೇನು ಬರ್ದದೆ ಗೊತ್ತೇನ್ಲಾ ನಿಂಗೆ?"

"ನಂಗೆ ತಮಿಳು ಓದಕ್ಕೆ ಬರಲ್ಲ ಯಜಮಾನ್ರೇ."

"ಕೇಳ್ಕೋ ಅಂಗಾದ್ರೆ. ಗಾಡಿ ಕೆಟ್ಟದೆ ಅಂತ ನಾನೇ ಕರ್ದೆ. ಎತ್ತೋಕ್ ಮುಂಚೆ ಎಷ್ಟಾಯ್ತದೆ ಅಂತ ನಂಗೆ ಹೇಳಿದ್ರು. ನಾನು ಮನಸಾರೆ ಒಪ್ಕೊಂಡೆ. ಯಾರೂ ಬಲವಂತ ಮಾಡ್ಲಿಲ್ಲ." ಒಂದೊಂದು ಸಾಲಿಗೂ ನಿಲ್ಲಿಸಿ ನನ್ನ ಮುಖ ನೋಡಿದರು. "ಕೆಳ್ಗಡೆ ನನ್ನ ಸೈನು. ಇದ್ರಾಗೆ ಒಂದಾನ ನಿಜ ಅದೆಯೇನ್ಲಾ?"

ಎರಡು ವರ್ಷದಿಂದ ಬೆರಳಿಟ್ಟು ತೋರಿಸಿದ ಸಹಿಗಳೆಲ್ಲ ಕಣ್ಣ ಮುಂದೆ ಬಂದವು. ಬಿಸಿಲಿನಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತವರು, ಮದುವೆಗೆ ಹೊರಟವರು, ಯಾವುದೋ ಭಾಷೆಯ ಲಾರಿಯವರು. ಯಾರಿಗೂ ಓದುವ ವ್ಯವಧಾನ ಇರಲಿಲ್ಲ. ಗಾಡಿ ಆಗಲೇ ಯಾರ್ಡಿನೊಳಗೆ ಇದ್ದಾಗ ಒಪ್ಪುವುದೇನು, ಬಿಡುವುದೇನು?

ಸೆಲ್ವಂ ಅಣ್ಣ ಹತ್ತಿರ ಬಂದರು. ಅವರ ಕನ್ನಡ ಅರ್ಧಂಬರ್ಧ. "ತಾತ, ಎತ್ತಿದ ಕೂಲಿ ಕೊಟ್ಟು ವಂಡಿ ತಗೊಂಡು ಹೋಗಿ. ಇಲ್ಲಾ ಅಂದ್ರೆ ವಂಡಿ ಇಲ್ಲೇ ಇರ್ಲಿ, ದಿನಕ್ಕೆ ಇಷ್ಟು ಅಂತ ಬಾಡಿಗೆ ಬೀಳ್ತದೆ."

"ಇರ್ಲಿ. ವಂಡಿ ಇದ್ರೆ ನಾನೂ ಇರ್ತೀನಿ. ನಂಗೇನು ಬಾಡಿಗೆ ಹಾಕ್ತೀಯ?"

"ಪೊಲೀಸ್ ಕರೀಲಾ?"

"ಕರಿ. ಮಲಗಿದ್ದೋನ್ನ ಎತ್ಕೊಂಡು ಬಂದ್ವು ಅಂತ ನೀನೇ ಬಾಯ್ಬಿಟ್ಟು ಹೇಳು, ನಾನು ಹೇಳೋ ಕೆಲ್ಸ ತಪ್ತು."

ಹಾಗೆಂದು ಅವರು ಸೀರೆಯ ಪರದೆ ಸರಿಸಿ ಹಿಂದೆ ಹೋಗಿ ಮಲಗಿಯೇಬಿಟ್ಟರು.

ಸೆಲ್ವಂ ಅಣ್ಣ ನನ್ನನ್ನು ಶೆಡ್ಡಿನ ಮರೆಗೆ ಕರೆದುಕೊಂಡು ಹೋದರು. ಸಹಿಯಾದ ಚೀಟಿ ಇಲ್ಲದಿದ್ದರೆ ಮುದುಕರು ಎಲ್ಲಿ ದೂರು ಕೊಟ್ಟರೂ ತಪ್ಪು ಯಾರ್ಡಿನದೇ ಆಗುತ್ತದೆ. ಪೆನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದರು, "ಅವರ ಹೆಸರಲ್ಲಿ ನೀನೇ ಒಂದು ಗೀಚು ಹಾಕು ತಿಪ್ಪೇಶಾ. ಯಾರು ನೋಡ್ತಾರೆ?"

ಶಾಲೆ ಬಿಡುವ ಹೊತ್ತಿಗೆ ನನಗೆ ಚೆನ್ನಾಗಿ ಬರುತ್ತಿದ್ದುದು ಒಂದೇ, ನನ್ನ ಹೆಸರು. ತಿಪ್ಪೇಸ್ವಾಮಿ ಎಂದು ಒತ್ತಕ್ಷರ ಸಮೇತ, ಗೆರೆ ಎಳೆದ ಹಾಗೆ ಬರೆಯುತ್ತೇನೆ. ಹೆಬ್ಬೆಟ್ಟು ಒತ್ತುವವರ ನಡುವೆ ನಾನು ಸಹಿ ಹಾಕುವವನು ಎಂದು ಊರಿನಲ್ಲಿ ಎದೆ ಎತ್ತಿ ನಡೆದವನು. ಆ ಕೈಯಿಂದ ಇನ್ನೊಬ್ಬರ ಹೆಸರಿಗೆ ಗೀಚುವುದೇ?

ಹಾಕದಿದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಕೆಲಸ ಹೋದರೆ ಮತ್ತಿಗಿರಿಯ ಮನೆ ಹೋಗುತ್ತದೆ. ರತ್ನಮ್ಮ ಈಗಷ್ಟೇ ಓನರಮ್ಮನ ಜೊತೆ ಸಂತೆಗೆ ಹೋಗುವಷ್ಟು ಕಾಲೂರಿದ್ದಳು. ಮತ್ತೆ ಗಂಟುಮೂಟೆ ಕಟ್ಟಿ ಊರಿಗೆ ಹೋಗಿ, ಆಗಲಿಲ್ಲ ಬಂದುಬಿಟ್ಟೆವು ಅನ್ನಬೇಕು. ಪೆನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಶೀಟಿನ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆಯೊಂದು ಚೀಟಿಯ ಮೇಲೆ ಹರಿದು, ಸಹಿಯ ಜಾಗ ದಾಟಿ ಆಚೆ ಹೋಯಿತು.

ಪೆನ್ನು ವಾಪಸ್ಸು ಕೊಟ್ಟೆ. "ಆಗಲ್ಲ ಅಣ್ಣ. ಎತ್ತಿದ್ದು ನಾನು. ನಾನೇ ಇಳಿಸಿ ಬರ್ತೀನಿ. ಡೀಸೆಲ್ಲು ನನ್ನ ಲೆಕ್ಕಕ್ಕೆ ಹಾಕ್ಕಳಿ."

"ಹೋದ್ರೆ ನಾಳೆ ಬರಬೇಡ."

"ಸರಿ ಅಣ್ಣ."

ಗಾಡಿ ಹೊರಡುವ ಮುಂಚೆ ಮುನಿಯಲ್ಲಪ್ಪನವರನ್ನು ಕ್ಯಾಬಿನ್ನಿಗೆ ಬನ್ನಿ ಎಂದು ಕರೆದೆ. ಅವರು ಪರದೆಯ ಹಿಂದಿನಿಂದಲೇ ಹೇಳಿದರು, "ಬ್ಯಾಡ. ಎಂಗ್ ಬಂದ್ನೋ ಅಂಗೇ ಹೋಯ್ತೀನಿ." ಜನರನ್ನು ಮೇಲೆ ಕೂರಿಸಿಕೊಂಡು ಹೋಗಬಾರದು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಆ ಸಂಜೆಯ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಬಿಸಿಲು ಹಳದಿಯಾಗಿತ್ತು. ಗುಡ್ಡಗಳು ಒಂದರ ಹಿಂದೆ ಒಂದು ತೆಳ್ಳಗಾಗುತ್ತ ಹೋಗಿದ್ದವು. ಗುಲಾಬಿ ತೋಟಗಳಿಗೆ ಹೊದಿಸಿದ ಬಿಳಿ ಪ್ಲಾಸ್ಟಿಕ್ಕು ದೂರದಿಂದ ಕೆರೆಯ ಹಾಗೆ ಕಾಣುತ್ತದೆ, ಗಾಳಿ ಬೀಸಿದಾಗ ಅಲೆಯೂ ಏಳುತ್ತದೆ. ನಿಧಾನಕ್ಕೆ ಓಡಿಸಿದೆ. ಹಿಂದಿನ ವ್ಯಾನಿನಿಂದ ಒದ್ದೆ ಸೀರೆ, ಗುಲಾಬಿ ಎಲೆಯ ವಾಸನೆ ಕ್ಯಾಬಿನ್ನಿಗೆ ಬರುತ್ತಿತ್ತು. ಕೆಲಸ ಕಳೆದುಕೊಂಡವನಿಗೆ ಇರಬೇಕಾದ ಸಂಕಟ ಇರಲಿಲ್ಲ. ಮಲಗಿದವರೊಬ್ಬರನ್ನು ಅವರ ಕನಸಿಗೆ ವಾಪಸ್ಸು ಮುಟ್ಟಿಸಲು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಹುಣಸೆ ಮರ ಅಲ್ಲೇ ಇತ್ತು. ತೊಗಟೆಯಲ್ಲಿ ನಾನು ಸಿಕ್ಕಿಸಿದ್ದ ಕಾರ್ಡು, ರಸ್ತೆಯ ಅಂಚಿನಲ್ಲಿ ಬಾಡಿದ ಟೊಂಗೆ. ಮಣ್ಣಿನಲ್ಲಿ ವ್ಯಾನಿನ ಗಾಲಿಯ ಗುರುತು ಇನ್ನೂ ಇತ್ತು. ಆ ಗುರುತಿನ ಮೇಲೇ ಗಾಲಿ ಕೂರುವ ಹಾಗೆ ಇಳಿಸಿದೆ. ಕೊಕ್ಕೆ ಬಿಚ್ಚಿದೆ. ಕಾರ್ಡು ಕಿತ್ತು ಜೇಬಿಗೆ ಹಾಕಿಕೊಂಡೆ. ಟೊಂಗೆಯನ್ನು ವ್ಯಾನಿನ ಹಿಂದೆ ಮೊದಲಿದ್ದ ಕಡೆಗೇ ಇಟ್ಟೆ. ಆಮೇಲೆ ಮುಂದೆ ಬಂದು ಗಾಜು ತಟ್ಟಿದೆ.

ಮುನಿಯಲ್ಲಪ್ಪನವರು ಪರದೆ ಸರಿಸಿ ನೋಡಿದರು.

"ಯಜಮಾನ್ರೇ, ಗಾಡಿ ಕೆಟ್ಟಂಗೈತೆ. ಎತ್ಲಾ?"

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ನಗಲಿಲ್ಲ. ಗಿರಾಕಿಯ ಗತ್ತಿನಲ್ಲಿ ಕೇಳಿದರು, "ಎಷ್ಟಾಯ್ತದೆ?"

ದರ ಹೇಳಿದೆ. ಅವರು ಗಲ್ಲ ಕೆರೆದುಕೊಂಡು ಯೋಚಿಸಿದರು.

"ಬ್ಯಾಡ" ಎಂದರು.

ಇಳಿದು, ಬಾನೆಟ್ಟು ತೆರೆದು, ಕ್ಯಾನಿನಿಂದ ರೇಡಿಯೇಟರಿಗೆ ನೀರು ಹಾಕಿ, ಮುಚ್ಚಿ, ಕೀ ತಿರುಗಿಸಿದರು. ವ್ಯಾನು ಒಂದೇ ಸಲಕ್ಕೆ ಎದ್ದಿತು. ಹೊರಡುವಾಗ ಕಿಟಕಿಯಲ್ಲಿ ಹೇಳಿದರು, "ಮನೆ ಬಾಗಲೂರು ಕಡೆ ಅದೆ. ಗುಲಾಬಿ ಮುನಿಯಲ್ಲಪ್ಪ ಅಂದ್ರೆ ಯಾರಾನ ಹೇಳ್ತಾರೆ. ಬಾ ಒಂದ್ಸಲ. ಕೇಳ್ಬುಟ್ಟು ಬಾ."

ವ್ಯಾನು ಹೋದ ಮೇಲೆ ಮರದ ಕೆಳಗೆ ಸ್ವಲ್ಪ ಹೊತ್ತು ಕೂತೆ. ಎರಡು ವರ್ಷದಲ್ಲಿ ಗಿರಾಕಿಯೊಬ್ಬರು ನನಗೆ ಬೇಡ ಎಂದಿದ್ದು ಅದೇ ಮೊದಲು. ಅಲ್ಲಿಯ ತನಕ ಯಾರಿಗೂ ಹಾಗನ್ನಲು ನಾನು ಎಡೆ ಕೊಟ್ಟಿರಲಿಲ್ಲ.

ಟೋಯಿಂಗ್ ಗಾಡಿ ಯಾರ್ಡಿಗೆ ಬಿಟ್ಟು ಬಂದು ನಾಲ್ಕು ದಿನ ಮನೆಯಲ್ಲಿ ಕೂತೆ. ನಡೆದದ್ದೆಲ್ಲ ಕೇಳಿದ ರತ್ನಮ್ಮ ಬೈಯಲಿಲ್ಲ. "ಅವರು ಎದ್ದು ಕುಂತು ಗಾಡಿ ಹೊಡೀತಿದ್ರಾ, ಮೇಲ್ಗಡೆ?" ಎಂದು ಮೂರು ಸಲ ಕೇಳಿ, ಮೂರು ಸಲವೂ ನಕ್ಕಳು. ಆಮೇಲೆ ಒಲೆಯ ಕಡೆ ತಿರುಗಿ, "ಈ ತಿಂಗಳ ಅಕ್ಕಿ ಐತೆ ಬಿಡ್ರಿ" ಎಂದಳು. ಅವಳ ಬೆನ್ನು ನೋಡುತ್ತ ಕೂತೆ. ಐದನೆಯ ದಿನ ಬೆಳಗ್ಗೆ ಸೆಲ್ವಂ ಅಣ್ಣನ ಫೋನು. ಹೊಸ ಕಾರೊಂದು ಹಳ್ಳಕ್ಕೆ ಇಳಿದಿದೆ, ಗೀರು ಬೀಳದ ಹಾಗೆ ತೆಗೆಯಬೇಕಂತೆ, ಬಾ ಎಂದರು. ಹಿಂದಿನ ಮಾತೇ ಎತ್ತಲಿಲ್ಲ. ನಾನು ಎತ್ತಿದೆ.

"ಅಣ್ಣ, ನಾನು ಮೊದ್ಲು ಕೇಳ್ತೀನಿ. ರೇಟು ಹೇಳ್ತೀನಿ. ಆಮೇಲೇ ಕೊಕ್ಕೆ."

"ಏನಾದ್ರೂ ಮಾಡ್ಕೋ. ಬೇಗ ಬಾ."

ಆ ವಾರವೇ ಬಾಗಲೂರಿನ ಕಡೆ ಹೋದೆ, ಅವರ ವ್ಯಾನಿನ ಹಿಂದೆ ಬರೆದಿದ್ದ ನಂಬರಿಗೆ ಮೊದಲೇ ಫೋನು ಮಾಡಿ ಕೇಳಿಕೊಂಡು. ಗುಲಾಬಿಯ ಸಾಲುಗಳ ನಡುವೆ ಕೂತು ಮುನಿಯಲ್ಲಪ್ಪನವರು ಹಳದಿ ಚೀಟಿಯನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದರು. ನಾನು ಒಂದು ರಟ್ಟಿನ ಮೇಲೆ ಬರೆದುಕೊಂಡೆ. ಬರೆದಿದ್ದನ್ನು ಅವರು ತಿರುಗಿಸಿ ನೋಡಿದರು. "ನನ್ನ ಮಾತೇ ಇದು. ನಂಗೇ ಓದಕ್ಕೆ ಬರಲ್ಲ, ನೋಡ್ಲಾ" ಎಂದು ಅಕ್ಷರಗಳ ಮೇಲೆ ಬೆರಳಾಡಿಸಿದರು. ಆ ರಟ್ಟು ಈಗ ನನ್ನ ಗಾಡಿಯಲ್ಲಿದೆ. ಕನ್ನಡದವರು ಸಿಕ್ಕರೆ ಓದಿ ಹೇಳುತ್ತೇನೆ. ತಮಿಳಿನವರಿಗೆ ಚೀಟಿಯನ್ನೇ ಕೊಟ್ಟು, ಅವರು ಓದುವ ತನಕ ಕೈ ಕಟ್ಟಿ ನಿಲ್ಲುತ್ತೇನೆ. ನಾನು ಹೀಗೆ ನಿಂತಿರುವಾಗ ಇನ್ನೊಬ್ಬ ಬಂದು ಕೊಕ್ಕೆ ಹಾಕಿಕೊಂಡು ಹೋಗಿದ್ದೂ ಉಂಟು. ಹೊಟ್ಟೆ ಉರಿಯುತ್ತದೆ. ಮತ್ತೆ ಮುಂದಿನ ಮರದ ಕಡೆ ಹೋಗುತ್ತೇನೆ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆವು. ನನ್ನ ಒಡಹುಟ್ಟಿದ ಅಣ್ಣ ನಿಂಗಣ್ಣನ ಟ್ರಾಕ್ಟರು ಕಾಲುವೆ ಪಕ್ಕ ಹೂತುಕೊಂಡಿತ್ತು. ಹಿಂದೆ ಬೇವಿನ ಟೊಂಗೆ ಇತ್ತು. ಹಗ್ಗ ಹೆಗಲಿಗೆ ಹಾಕಿಕೊಂಡು ಹೋದವನು ಟ್ರಾಕ್ಟರಿನ ಹತ್ತಿರ ನಿಂತು, ಅಭ್ಯಾಸದಿಂದ ಕೇಳಿಬಿಟ್ಟೆ.

"ಅಣ್ಣಾ, ಎಳೀಲಾ?"

ಸುತ್ತ ಇದ್ದವರು ತಿರುಗಿ ನೋಡಿದರು. ನಿಂಗಣ್ಣ ಕೆಸರು ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕೇಳ್ತಾ ನಿಂತೀಯಲ್ಲೋ ತಿಪ್ಪೇಶ. ನಾನೇನು ನಿನ್ನ ಗಿರಾಕಿಯೇನೋ?"

ಉಳಿದವರು ನಕ್ಕರು, ನಾನೂ ನಕ್ಕೆ. ಹಗ್ಗ ಕಟ್ಟಿ ಎಳೆದೆವು, ಟ್ರಾಕ್ಟರು ಮೇಲೆ ಬಂತು. ಆದರೆ ನಿಂಗಣ್ಣ ಊಟಕ್ಕೆ ಕೂತಾಗಲೂ ನನ್ನ ಮುಖ ಸರಿಯಾಗಿ ನೋಡಲಿಲ್ಲ. "ಇನ್ನೊಂದು ಮುದ್ದೆ ಹಾಕ್ಲಾ?" ಎಂದು ಅತ್ತಿಗೆ ನನ್ನನ್ನು ಕೇಳಿದರೆ, ಅವನೇ ಅಡ್ಡ ಬಾಯಿ ಹಾಕಿ, "ಅವನನ್ನೇನು ಕೇಳ್ತೀಯ, ಹಾಕು" ಎಂದ. ಅದು ಪ್ರೀತಿಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ. ಮೊದಲಾಗಿದ್ದರೆ ತಿಳಿಯುತ್ತಿತ್ತು.

ವಾಪಸ್ಸು ಬರುವಾಗ ಬೆಂಗಳೂರಿನಿಂದ ಹೊಸೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದೆ. ರತ್ನಮ್ಮ ಹೆಗಲ ಮೇಲೆ ಒರಗಿ ಆಗಲೇ ನಿದ್ದೆ ಹೋಗಿದ್ದಳು. ಹೊರಗೆ ಮರಗಳು ಹೋಗುತ್ತಿದ್ದವು, ನಾವು ನಿಂತಿದ್ದೆವು. ಆಮೇಲೆ ಮರಗಳು ನಿಂತವು, ನಾವು ಹೋಗುತ್ತಿದ್ದೆವು. ಯಾರೋ ಭುಜ ತಟ್ಟಿದರು. ಕಂಡಕ್ಟರು. ಹೊಸೂರು ಬಂತು, ಎಲ್ಲಿ ಇಳಿಯಬೇಕು ಎಂದು ತಮಿಳಿನಲ್ಲಿ ಕೇಳುತ್ತಿದ್ದರು.

ನಿದ್ದೆಗಣ್ಣಿನಲ್ಲಿ ನಾನು ಕನ್ನಡದಲ್ಲಿ ಹೇಳಿದೆ, "ಎಲ್ಲಿಂದ ಎತ್ತಿದ್ರೋ ಅಲ್ಲೇ ಇಳಿಸಿ."

"ಎಲ್ಲಿ?" ಎಂದು ಅವರೂ ಕನ್ನಡಕ್ಕೇ ತಿರುಗಿ ಕೇಳಿದರು.

ಹೇಳಲು ಹೋದೆ. ಯಾವ ಊರ ಹೆಸರೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ರತ್ನಮ್ಮನಿಗೆ ಎಚ್ಚರವಾಯಿತು. ಕಾಲಡಿಯ ಚೀಲ ಎತ್ತಿಕೊಳ್ಳುತ್ತ ಅವಳೇ ಹೇಳಿದಳು, "ಬಸ್ಟಾಂಡು. ಅಲ್ಲಿಂದ ಮತ್ತಿಗಿರಿ."